ಅಪ್ಪ ಅಮ್ಮನೊಂದಿಗೆ ಸಿಯಾಟಲ್‌ನಿಂದ ಬ್ಯಾನ್ಫ್‌ಗೆ ಮೋಟರ್ ಹೋಮ್ ಪ್ರವಾಸ: ಗಡಿ, ಅಡುಗೆ, ದಾರಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯಲ್ಲಿ ಮೋಟರ್ ಹೋಮ್ ಬಾಡಿಗೆಗೆ ಪಡೆದು ಸಿಯಾಟಲ್‌ನಿಂದ ಕೆನಡಾದ ಬ್ಯಾನ್ಫ್, ಜಾಸ್ಪರ್ ಕಡೆಗೆ ಹೋಗಿಬರುವ ಯೋಚನೆ ಇದೆ. ನಾನು, ಹೆಂಡತಿ, ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು, ಶಿವಮೊಗ್ಗದಿಂದ ಬಂದಿರುವ ಅಪ್ಪ, ಅಮ್ಮ. ನಮ್ಮಿಬ್ಬರದು ಎಚ್-1ಬಿ (ಅಮೆರಿಕದ ಉದ್ಯೋಗ ವೀಸಾ) ಮತ್ತು ಎಚ್-4 (ಅದರ ಅವಲಂಬಿತರ ವೀಸಾ). ಮಕ್ಕಳು ಇಲ್ಲೇ ಹುಟ್ಟಿದವರು. ಅಪ್ಪ ಅಮ್ಮ ಸಂದರ್ಶಕ ವೀಸಾದಲ್ಲಿದ್ದಾರೆ.

ಮೋಟರ್ ಹೋಮ್ ಏಕೆಂದರೆ, ಅಮ್ಮ ಹೊರಗಿನ ಅಡುಗೆ ಮುಟ್ಟುವುದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ದಾರಿಯುದ್ದಕ್ಕೂ ಶೌಚಾಲಯ ಹುಡುಕುವುದೇ ಒಂದು ಕೆಲಸವಾಗುತ್ತದೆ. ಅಡುಗೆಮನೆ, ಬಚ್ಚಲು ಎರಡೂ ಜೊತೆಗೇ ಬಂದರೆ ನೆಮ್ಮದಿ ಎಂಬುದು ನನ್ನ ಲೆಕ್ಕ. ಆದರೆ ಮನೆಯನ್ನೇ ಗಡಿ ದಾಟಿಸುವಾಗ ಏನೇನು ಕೇಳುತ್ತಾರೆ, ಅಕ್ಕಿ ಬೇಳೆ ಒಯ್ಯಬಹುದೇ, ಇಷ್ಟು ದೊಡ್ಡ ಗಾಡಿಯನ್ನು ಆ ಬೆಟ್ಟಗಳಲ್ಲಿ ಓಡಿಸುವುದು ನನ್ನಂಥವನಿಂದ ಆಗುತ್ತದೆಯೇ, ಅನುಭವ ಇರುವವರು ದಯವಿಟ್ಟು ತಿಳಿಸಿ. ಇಲ್ಲಿಯವರೆಗೆ ನಾನು ಓಡಿಸಿರುವುದು ಏಳು ಸೀಟಿನ ವ್ಯಾನ್ ಮಾತ್ರ.

ಕಡತ ವಿಲೇವಾರಿ

ಗಾಡಿಯ ವಿಷಯ ಆಮೇಲೆ. ಮೊದಲು ಮನುಷ್ಯರ ಕಾಗದ ನೋಡೋಣ.

ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ನಾಲ್ವರಿಗೂ ಕೆನಡಾದ ಸಂದರ್ಶಕ ವೀಸಾ ಬೇಕು. ಅಮೆರಿಕದ ವೀಸಾ ತೋರಿಸಿದರೆ ಕೆನಡಾದವರು ಬಿಟ್ಟುಬಿಡುತ್ತಾರೆ ಎಂಬ ಮಾತು ನಮ್ಮವರ ನಡುವೆ ವರ್ಷಗಳಿಂದ ಓಡಾಡುತ್ತಿದೆ. ಅದು ಮೆಕ್ಸಿಕೊದ ನಿಯಮ. ಯಾರೋ ಅದನ್ನು ಉತ್ತರಕ್ಕೂ ಅಂಟಿಸಿಬಿಟ್ಟಿದ್ದಾರೆ. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಕೆನಡಾದ ವೀಸಾ ಬೇಡ, ಚಾಲ್ತಿಯಲ್ಲಿರುವ ಕಾರ್ಡ್ ಮತ್ತು ಪಾಸ್‌ಪೋರ್ಟ್ ಎರಡೂ ಕೈಯಲ್ಲಿದ್ದರೆ ಸಾಕು.

ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ತಲಾ 100 ಕೆನಡಾ ಡಾಲರ್ ವೀಸಾ ಶುಲ್ಕ, 85 ಡಾಲರ್ ಬೆರಳಚ್ಚು ಮತ್ತು ಭಾವಚಿತ್ರದ ಶುಲ್ಕ. 14ರಿಂದ 79 ವರ್ಷದವರೆಲ್ಲರೂ ಬೆರಳಚ್ಚು ಕೊಡಬೇಕು, ಅಪ್ಪ ಅಮ್ಮನೂ ಸೇರಿ. ಅಮೆರಿಕದಲ್ಲೇ ಅದಕ್ಕೆ ಕೇಂದ್ರಗಳಿವೆ, ಊರಿಗೆ ಹೋಗಬೇಕಿಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ ಪಾಸ್‌ಪೋರ್ಟ್ ಕಳುಹಿಸಿ ವೀಸಾ ಅಂಟಿಸಿಕೊಳ್ಳಬೇಕು, ಅದಕ್ಕೂ ಸಮಯ ಹಿಡಿಯುತ್ತದೆ. ಹತ್ತು ವರ್ಷದ ವೀಸಾ ಸಿಕ್ಕೇ ಸಿಗುತ್ತದೆ ಎಂದು ಅಪ್ಪನಿಗೆ ಹೇಳಬೇಡಿ. 2024ರ ನವೆಂಬರ್‌ನಿಂದ ದೀರ್ಘಾವಧಿಯ, ಬಹುಪ್ರವೇಶದ ವೀಸಾ ತಾನಾಗಿಯೇ ಸಿಗುವ ಪದ್ಧತಿಯನ್ನು ಅವರು ಕೈಬಿಟ್ಟಿದ್ದಾರೆ, ಅಧಿಕಾರಿಯ ವಿವೇಚನೆಯೇ ಅಂತಿಮ. ಕ್ಯಾಂಪ್ ಜಾಗ ಕಾಯ್ದಿರಿಸುವ ಮೊದಲು ಈ ಕೆಲಸ ಆರಂಭವಾಗಿರಲಿ.

ಹೋಗುವುದಕ್ಕಿಂತ ಹಿಂದಿರುಗುವುದನ್ನೇ ಹೆಚ್ಚು ಯೋಚಿಸಬೇಕು. ನಿಮ್ಮ ಎಚ್-1ಬಿ ವೀಸಾ ಅಂಟುಚೀಟಿಯ ಅವಧಿ ಮುಗಿದಿದ್ದರೂ, ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ಪ್ರವೇಶ ದಾಖಲೆ) ಚಾಲ್ತಿಯಲ್ಲಿದ್ದು ಕೆನಡಾದಲ್ಲಿ 30 ದಿನಕ್ಕಿಂತ ಹೆಚ್ಚು ಇರದಿದ್ದರೆ ಮರಳಿ ಬರಲು ಅವಕಾಶವಿದೆ. ಐ-797 (ಎಚ್-1ಬಿ ಒಪ್ಪಿಗೆ ಪತ್ರ) ಮೂಲಪ್ರತಿ ಜೊತೆಯಲ್ಲಿರಲಿ. ಆದರೆ ಅಲ್ಲಿಗೆ ಹೋದಾಗ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿದಿರೋ, ಈ ಸೌಲಭ್ಯ ಅಲ್ಲಿಗೇ ಮುಗಿಯಿತು, ವೀಸಾ ಸಿಗುವವರೆಗೆ ಕೆನಡಾದಲ್ಲೇ ಕಾಯಬೇಕು. ಅಪ್ಪ ಅಮ್ಮನ ಐ-94 ಮುದ್ರಿಸಿ ಇಟ್ಟುಕೊಳ್ಳಿ. ವಾರ ಕಳೆದು ಮರಳಿದರೆ ಅವರಿಗೆ ಮತ್ತೆ ಆರು ತಿಂಗಳು ಹೊಸದಾಗಿ ಸಿಗುತ್ತದೆ ಎಂಬ ಆಸೆ ಬೇಡ, ಹಳೆಯ ದಿನಾಂಕವೇ ಉಳಿಯುತ್ತದೆ ಎಂದುಕೊಂಡೇ ಊರಿನ ಟಿಕೆಟ್ ನೋಡಿ.

ಗಾಡಿಗೆ ಎರಡು ಕಾಗದ ಸಾಕು. ಕೆನಡಾಕ್ಕೆ ಒಯ್ಯಲು ಅನುಮತಿ ಇದೆ ಎಂದು ಬಾಡಿಗೆ ಕರಾರಿನಲ್ಲೇ ಬರೆದಿರಬೇಕು. ಜೊತೆಗೆ ಕೆನಡಾದಲ್ಲಿ ಮಾನ್ಯವಾಗುವ ವಿಮಾ ಚೀಟಿ, ಅಮೆರಿಕದ ವಿಮಾ ಕಂಪನಿಗಳು ಕೇಳಿದರೆ ಕೊಡುತ್ತವೆ.

ಲೆಕ್ಕಾಚಾರ

ಎಲ್ಲರೂ ಉತ್ಸಾಹದಲ್ಲಿದ್ದಾರೆ, ನಾನೊಬ್ಬ ತಣ್ಣೀರು ಎರಚುತ್ತೇನೆ. ಕ್ಷಮೆ ಇರಲಿ.

ಮೋಟರ್ ಹೋಮ್‌ನಲ್ಲಿ ಹಣ ಉಳಿಯುವುದಿಲ್ಲ. ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡುವ ಗಾಡಿ ಅದು. ಕಿಲೋಮೀಟರ್‌ನಲ್ಲಿ ಹೇಳುವುದಾದರೆ ಲೀಟರ್‌ಗೆ ಮೂರೂವರೆ ನಾಲ್ಕು. ಸಿಯಾಟಲ್‌ನಿಂದ ಬ್ಯಾನ್ಫ್‌ಗೆ ಒಂದು ಕಡೆಗೇ 950 ಕಿ.ಮೀ. ಆಸುಪಾಸು. ಜಾಸ್ಪರ್ ಸೇರಿಸಿ ಒಟ್ಟು 2,500 ಕಿ.ಮೀ. ಓಡಿದರೆ 600ರಿಂದ 700 ಲೀಟರ್ ಪೆಟ್ರೋಲ್, ಅದರಲ್ಲಿ ಬಹುಪಾಲನ್ನು ಅಮೆರಿಕಕ್ಕಿಂತ ದುಬಾರಿಯಾದ ಕೆನಡಾದ ದರದಲ್ಲಿ ಹಾಕಿಸಬೇಕು. ದಿನದ ಬಾಡಿಗೆ ಬೇರೆ. ಮೈಲಿಗೆ ಇಷ್ಟು ಎಂದು ಬೇರೆ. ಜನರೇಟರ್ ಓಡಿಸಿದ ಗಂಟೆಗೆ ಬೇರೆ. ಪಾತ್ರೆ, ಹಾಸಿಗೆ ಹೊದಿಕೆಗೂ ಬೇರೆ. ಇಷ್ಟೆಲ್ಲ ಕೊಟ್ಟು ರಾತ್ರಿ ನಿಲ್ಲುವ ಜಾಗಕ್ಕೂ ಬಾಡಿಗೆ ಕಟ್ಟುತ್ತೀರಿ.

ಅದೇ ವ್ಯಾನ್‌ನಲ್ಲಿ ಹೋಗಿ, ಅಡುಗೆಮನೆ ಇರುವ ವಸತಿ ಹಿಡಿದರೆ ಅಮ್ಮನ ಅಡುಗೆಯೂ ಆಗುತ್ತದೆ, ಅಪ್ಪನಿಗೆ ಸರಿಯಾದ ಮಂಚವೂ ಸಿಗುತ್ತದೆ. ಆ ಗಾಡಿಯ ಬಚ್ಚಲಿನಲ್ಲಿ ಮೈತುಂಬಿದವರು ತಿರುಗಿ ನಿಲ್ಲಲಾರರು. ಚಾಲಕನ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು. ಹಿರಿಯರನ್ನು ಕರೆದೊಯ್ಯುವವರು ಇದನ್ನೆಲ್ಲ ಜಾಹೀರಾತಿನ ಚಿತ್ರದಲ್ಲಿ ನೋಡಿರುವುದಿಲ್ಲ.

ಒಗ್ಗರಣೆ

ಲೆಕ್ಕಾಚಾರ ಅವರೇ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಹತ್ತು ಹೆಜ್ಜೆ ದೂರದಲ್ಲಿ ಶೌಚಾಲಯ ಬೇಕು. ದಾರಿಯಲ್ಲಿ ರೆವೆಲ್‌ಸ್ಟೋಕ್ ಊರು ದಾಟಿದ ಮೇಲೆ ರಸ್ತೆ ಕೆಲಸಕ್ಕೆಂದು ಗಾಡಿಗಳನ್ನು ನಿಲ್ಲಿಸಿದಾಗ ಆ ಅಡುಗೆಮನೆ ಇರುವ ವಸತಿ ಎಲ್ಲಿಂದ ಬರುತ್ತದೆ? ನನ್ನ ಅತ್ತೆ ಮಾವ ಅಂಥ ಒಂದು ಸಾಲಿನಲ್ಲಿ ನಿಂತ ಗಾಡಿಯಲ್ಲೇ ಮೊಸರನ್ನ ಉಂಡು, ಮಾವ ಒಂದು ನಿದ್ದೆಯನ್ನೂ ಮುಗಿಸಿದರು. ಹಿಂದೆ ಮುಂದೆ ಇದ್ದವರು ಹಾರನ್ ಒತ್ತುತ್ತ ಕುಳಿತಿದ್ದರು.

ಈಗ ಅಡುಗೆಯ ವಿಷಯ. ಅಕ್ಕಿ, ಬೇಳೆ, ರವೆ, ಸಾರಿನ ಪುಡಿ, ಉಪ್ಪಿನಕಾಯಿ ಒಯ್ಯುವುದಕ್ಕೆ ನಮಗೆ ಎಂದೂ ಅಡ್ಡಿಯಾಗಿಲ್ಲ. ಆದರೆ ಪುಡಿಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಒಯ್ಯಬೇಡಿ. ಅಂಗಡಿಯ ಪೊಟ್ಟಣದಲ್ಲೇ ಇರಲಿ, ಮನೆಯದಾದರೆ ಡಬ್ಬದ ಮೇಲೆ ಇಂಗ್ಲಿಷ್‌ನಲ್ಲಿ ಹೆಸರು ಬರೆಯಿರಿ. ಅಧಿಕಾರಿ ಗಾಡಿಯೊಳಗೆ ಹತ್ತಿ ಫ್ರಿಜ್ ತೆರೆದು ನೋಡುವುದು ಮೋಟರ್ ಹೋಮ್‌ಗೆ ಮಾಮೂಲು. ಅಪ್ಪನ ಮಾತ್ರೆಗಳು ಮೂಲ ಡಬ್ಬಿಯಲ್ಲೇ ಇರಲಿ, ವೈದ್ಯರ ಚೀಟಿಯೊಂದಿಗೆ.

ಉರಿಸುವ ಸೌದೆಯನ್ನು ಮಾತ್ರ ಒಯ್ಯಲೇಬೇಡಿ, ಎರಡು ದಿಕ್ಕಿನಲ್ಲೂ. ಮರ ಕೊರೆಯುವ ಹುಳುಗಳು ಅದರ ಜೊತೆ ಪ್ರಯಾಣ ಮಾಡುತ್ತವೆ. ಮರಳುವಾಗ ಇನ್ನೊಂದು ಕಟ್ಟುನಿಟ್ಟು: ವ್ಯಾಂಕೂವರ್ ಬಳಿಯ ಸರ್ರೆಯ ಅಂಗಡಿಗಳಲ್ಲಿ ತಾಜಾ ಕರಿಬೇವು ಕಂಡು ಕೈ ತಡೆಯದೆ ಒಂದು ಕಟ್ಟು ಕೊಂಡಿರೋ, ಗಡಿಗೆ ಬರುವ ಮೊದಲೇ ಮುಗಿಸಿ. ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಕೆನಡಾದ ಅಂಗಡಿಯಲ್ಲಿ ಕೊಂಡ ನಿಂಬೆ, ಕಿತ್ತಳೆಗೂ ಇದೇ ಗತಿ, ಅವು ಕೆನಡಾದಲ್ಲಿ ಬೆಳೆದವಲ್ಲವಲ್ಲ. ನನ್ನ ಅನುಭವದಲ್ಲಿ ನಿಯಮ ಒಂದೇ. ಕೇಳಿದಾಗ ಇದ್ದದ್ದನ್ನೆಲ್ಲ ಹೇಳಿಬಿಡಿ. ಹೇಳಿದ್ದನ್ನು ಕಸಿದುಕೊಳ್ಳಬಹುದು, ಮುಚ್ಚಿಟ್ಟದ್ದಕ್ಕೆ ದಂಡ ಬೀಳುತ್ತದೆ.

ತುಂಗಾತೀರ

ಅಮ್ಮ ಕರಿಬೇವಿನ ಸುದ್ದಿ ಕೇಳಿ ಬೇಸರ ಮಾಡಿಕೊಂಡರು. ಒಗ್ಗರಣೆ ಮೇಡಂ, ಗಾಡಿಯೊಳಗೆ ನಿಜವಾಗಿ ಅಡುಗೆ ಮಾಡಲು ಸಾಧ್ಯವೇ? ಕುಕ್ಕರ್, ಮಿಕ್ಸಿ ಎಲ್ಲ?

ಒಗ್ಗರಣೆ

ಕುಕ್ಕರ್ ಧಾರಾಳವಾಗಿ. ಒಲೆ ಪ್ರೊಪೇನ್ ಗ್ಯಾಸ್‌ನದು, ನಮ್ಮ ಊರಿನ ಒಲೆಯಷ್ಟು ಉರಿ ಇರುವುದಿಲ್ಲ, ಸೀಟಿ ಬರಲು ಸ್ವಲ್ಪ ತಾಳ್ಮೆ ಬೇಕು. ಊರಿನಿಂದ ತಂದ 230 ವೋಲ್ಟ್ ಮಿಕ್ಸಿ ಕೆಲಸಕ್ಕೆ ಬಾರದು. ಚಟ್ನಿಗೆ ಇಲ್ಲಿಯ ಚಿಕ್ಕ ಮಿಕ್ಸಿ ಒಯ್ಯಿರಿ. ಕ್ಯಾಂಪ್‌ನ 30 ಆಂಪಿಯರ್ ವಿದ್ಯುತ್ ಸಂಪರ್ಕ ಎಂದರೆ ಒಟ್ಟು 3,600 ವಾಟ್ ಅಷ್ಟೆ. ಎಸಿ ಓಡುತ್ತಿರುವಾಗ ಮೈಕ್ರೊವೇವ್, ನೀರು ಕಾಯಿಸುವ ಕೆಟಲ್ ಎರಡನ್ನೂ ಹಚ್ಚಿದರೆ ಇಡೀ ಗಾಡಿ ಕತ್ತಲಾಗುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಮೇಲಿನ ಫ್ಯಾನ್ ಹಾಕಿ. ಸಾಸಿವೆ ಸಿಡಿದ ಕೂಡಲೇ ಹೊಗೆಯ ಗಂಟೆ ಕೂಗಿಕೊಳ್ಳುತ್ತದೆ, ಮಲಗಿದ ಮಕ್ಕಳು ಎದ್ದು ಕುಳಿತುಕೊಳ್ಳುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ನೀರು. ಈ ಗಾಡಿಗಳಲ್ಲಿ ಮೂರು ತೊಟ್ಟಿ: ಒಳ್ಳೆಯ ನೀರಿನದು, ಪಾತ್ರೆ ಮತ್ತು ಸ್ನಾನದ ಕೊಳೆನೀರಿನದು, ಶೌಚದ್ದು. ಶೌಚದ ತೊಟ್ಟಿ ಸಾಮಾನ್ಯವಾಗಿ ನೂರು ಲೀಟರ್ ಆಸುಪಾಸು. ಅದನ್ನು ಕಾಗದ ಬಳಸುವವರ ಲೆಕ್ಕದಲ್ಲಿ ಮಾಡಿದ್ದಾರೆ. ನಾವು ಚೊಂಬು ಹಿಡಿಯುವವರು. ಆರು ಜನ ಮನೆಯಲ್ಲಿ ಬಳಸಿದಂತೆ ನೀರು ಬಳಸಿದರೆ ಎರಡು ದಿನಕ್ಕೇ ತುಂಬುತ್ತದೆ. ಯಾರೂ ಬಾಯಿಬಿಟ್ಟು ಹೇಳದ ವಿಷಯ ಇದು, ನಾನು ಹೇಳುತ್ತಿದ್ದೇನೆ. ಒಂದು ಚಿಕ್ಕ ಕೈಪಿಚಕಾರಿ ಇಟ್ಟುಕೊಳ್ಳಿ, ಕ್ಯಾಂಪ್‌ನಲ್ಲಿರುವಾಗ ಅಲ್ಲಿಯ ಶೌಚಾಲಯ, ಸ್ನಾನದ ಮನೆಗಳನ್ನೇ ಬಳಸಿ. ಪಾತ್ರೆಯ ಎಣ್ಣೆ, ಅನ್ನದ ಅಗುಳು ಸಿಂಕ್‌ಗೆ ಹೋಗದಂತೆ ಮೊದಲು ಕಾಗದದಲ್ಲಿ ಒರೆಸಿ.

ಹಳೇ ಚಾಲಕ

ತೊಟ್ಟಿ ಖಾಲಿ ಮಾಡುವಾಗ ಮೊದಲು ಶೌಚದ್ದು, ಆಮೇಲೆ ಪಾತ್ರೆ ನೀರಿನದು. ಎರಡನೆಯದು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ. ಈ ಕೆಲಸ ಅಳಿಯಂದಿರ ಪಾಲಿಗೆ ಬರುತ್ತದೆ, ಇಲ್ಲಿ ಮಗನ ಪಾಲಿಗೆ.

ದಾರಿಯ ವಿಷಯ. ಸಿಯಾಟಲ್‌ನಿಂದ ಗಡಿಯ ಊರಾದ ಬ್ಲೇನ್ ಕಡೆಗೆ ಹೋಗಿ ಪೀಸ್ ಆರ್ಚ್ ನೋಡಿ ದಾಟುವ ಆಸೆ ಎಲ್ಲರಿಗೂ ಇರುತ್ತದೆ. 1921ರ ಆ ಬಿಳಿ ಕಮಾನು ಚೆನ್ನಾಗಿಯೇ ಇದೆ. ಆದರೆ ಬ್ಯಾನ್ಫ್‌ಗೆ ಹೋಗುವವರು ವ್ಯಾಂಕೂವರ್ ಕಡೆಯ ದಟ್ಟಣೆಗೆ ಸಿಕ್ಕಿಕೊಳ್ಳುವುದೇಕೆ? ಸೂಮಾಸ್‌ನಲ್ಲಿ ದಾಟಿ, ಆ ಕಡೆ ಅಬ್ಬಟ್ಸ್‌ಫರ್ಡ್. ದಿನವಿಡೀ ತೆರೆದಿರುತ್ತದೆ, ಹೆದ್ದಾರಿಗೂ ಹತ್ತಿರ.

ಅಲ್ಲಿಂದ ಹೋಪ್. ಹೋಪ್‌ನಲ್ಲಿ ಎರಡು ದಾರಿ. ಒಂದು ಕೋಕಿಹಾಲ ಹೆದ್ದಾರಿ, 1986ರಲ್ಲಿ ತೆರೆದದ್ದು. ಮೆರಿಟ್ ಊರಿನ ಮೇಲೆ ಕ್ಯಾಮ್‌ಲೂಪ್ಸ್‌ಗೆ ಬೇಗ ತಲುಪಿಸುತ್ತದೆ, ಆದರೆ 1,244 ಮೀಟರ್ ಎತ್ತರಕ್ಕೆ ಏರಿ ಇಳಿಯಬೇಕು, ಇಳಿಜಾರುಗಳು ಉದ್ದ. ಇನ್ನೊಂದು ಫ್ರೇಸರ್ ಕಣಿವೆಯ ಹಳೆಯ ದಾರಿ. ಏಳು ಸುರಂಗ, ತಿರುವುಗಳು, ಸಮಯ ಹೆಚ್ಚು, ನೋಟವೂ ಹೆಚ್ಚು. ಹೊಸ ಚಾಲಕರಿಗೆ ನನ್ನ ಮಾತು: ಹೋಗುವಾಗ ಕಣಿವೆಯ ದಾರಿ, ಗಾಡಿ ಕೈಗೆ ಒಗ್ಗಿದ ಮೇಲೆ ಬರುವಾಗ ಕೋಕಿಹಾಲ.

ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಆಗುಂಬೆ ಇಳಿಯುವ ಬಸ್ಸಿನ ಚಾಲಕ ಏನು ಮಾಡುತ್ತಾನೆಂದು ನಿಮ್ಮ ಅಪ್ಪನನ್ನು ಕೇಳಿ. ಕೆಳಗಿನ ಗೇರ್‌ಗೆ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಸುತ್ತಾನೆ. ಈ ಗಾಡಿಗಳಲ್ಲಿ ಗೇರ್ ಕಂಬದ ತುದಿಯಲ್ಲೋ ಪಕ್ಕದಲ್ಲೋ ಭಾರ ಎಳೆಯುವ ಸ್ಥಿತಿಯ (ಟೋ-ಹಾಲ್) ಗುಂಡಿ ಇರುತ್ತದೆ, ಅದನ್ನು ಒತ್ತಿ. ಆಗಾಗ ಬ್ರೇಕ್ ಒತ್ತಿ ಬಿಡಿ, ಹಿಡಿದುಕೊಂಡಿರಬೇಡಿ. ಹಿಂದೆ ಐದಾರು ಗಾಡಿ ಸೇರಿದರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ, ನಾಚಿಕೆ ಬೇಡ.

ಗಾಡಿಯ ಎತ್ತರವನ್ನು ಮೀಟರ್‌ನಲ್ಲಿ ಬರೆದು ಚಾಲಕನ ಮುಂದೆ ಅಂಟಿಸಿ. ಬಾಡಿಗೆ ಕೊಡುವವರು ಅಡಿಯಲ್ಲಿ ಹೇಳಿರುತ್ತಾರೆ, ಕೆನಡಾದ ಸೇತುವೆಯ ಫಲಕ ಮೀಟರ್‌ನಲ್ಲಿರುತ್ತದೆ. ಪೆಟ್ರೋಲ್ ಬಂಕ್‌ನ ಚಾವಣಿ ಎದುರಿಗೆ ಬಂದಾಗ ಗುಣಿಸುತ್ತ ಕೂರಲಾಗುವುದಿಲ್ಲ. ವೇಗದ ಫಲಕವೂ ಕಿಲೋಮೀಟರ್‌ನಲ್ಲಿ. 100 ಎಂದು ಕಂಡ ಕೂಡಲೇ ಮುಳ್ಳನ್ನು ಮೈಲಿಯ 100ಕ್ಕೆ ಒಯ್ಯಬೇಡಿ.

ಸಣ್ಣ ಮಗುವಿನ ಸೀಟಿನ ವಿಷಯ ಬಹಳ ಜನ ಮರೆಯುತ್ತಾರೆ. ಮೋಟರ್ ಹೋಮ್‌ನಲ್ಲಿ ಎಂಟು ಜನ ಮಲಗಬಹುದು ಎಂದರೆ ಎಂಟು ಜನ ಸುರಕ್ಷಿತವಾಗಿ ಕುಳಿತು ಹೋಗಬಹುದು ಎಂದಲ್ಲ. ಊಟದ ಮೇಜಿನ ಬೆಂಚಿಗೆ ಸೊಂಟದ ಪಟ್ಟಿ ಮಾತ್ರ ಇರುವ ಗಾಡಿಗಳಿವೆ. ಮಗುವಿನ ಆಸನವನ್ನು ಮೇಲಿನ ಪಟ್ಟಿಯಿಂದ ಬಿಗಿಯಲು ಕೊಂಡಿ ಎಲ್ಲಿದೆ ಎಂದು ಗಾಡಿ ಒಪ್ಪಿಕೊಳ್ಳುವ ಮೊದಲೇ ನೋಡಿ. ಬ್ರಿಟಿಷ್ ಕೊಲಂಬಿಯದಲ್ಲಿ ಒಂಬತ್ತು ವರ್ಷ ಅಥವಾ 145 ಸೆಂ.ಮೀ. ಎತ್ತರ ಆಗುವವರೆಗೆ ಮಕ್ಕಳಿಗೆ ಎತ್ತರಿಸುವ ಆಸನ ಬೇಕು, ಆದ್ದರಿಂದ ಏಳು ವರ್ಷದವರಿಗೂ ಬೇಕು. ಗಾಡಿ ಓಡುತ್ತಿರುವಾಗ ಅಮ್ಮ ಎದ್ದು ಕಾಫಿ ಮಾಡಲು ಹೋಗುವುದು ಖಂಡಿತ ಬೇಡ.

ನಯಾಗರ ಪಕ್ಕದ ಮನೆ

ಹಳೇ ಚಾಲಕರು ಹೇಳಿದ ಸೀಟಿನ ಮಾತು ಬಂಗಾರ. ನಾವು ಬಫಲೊ ಕಡೆಯಿಂದ ದಾಟುವವರು. ಬಾಡಿಗೆ ಕಂಪನಿಯೊಂದು (ಹೆಸರು ಬೇಡ) ಆರು ಸೀಟು ಎಂದು ಹೇಳಿ ಕೊಟ್ಟ ಗಾಡಿಯಲ್ಲಿ ಮಕ್ಕಳ ಆಸನ ಬಿಗಿಯಲು ಒಂದೇ ಜಾಗ ಇತ್ತು. ಕೊನೆಗೆ ನಮ್ಮ ಕಾರೂ ಹಿಂದೆ ಬರಬೇಕಾಯಿತು. ಎರಡು ಗಾಡಿ, ಎರಡು ಸಾಲು, ಎರಡು ಬಾರಿ ಅದೇ ಪ್ರಶ್ನೆ.

ಲೆಕ್ಕಾಚಾರ

ನೋಡಿ, ನಾನು ಹೇಳಿದ್ದು ಇದನ್ನೇ.

ಕ್ಯಾಲ್ಗರಿ ಚಳಿ

ಸ್ಥಳೀಯನಾಗಿ ನಾಲ್ಕು ಮಾತು. ಜುಲೈ ಕೊನೆಗೆ ಬ್ಯಾನ್ಫ್‌ನಲ್ಲಿ ಜಾಗ ಬೇಕೆನ್ನುವವರು ವರ್ಷದ ಆರಂಭದಲ್ಲೇ, ಪಾರ್ಕ್ಸ್ ಕೆನಡಾ (ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ) ಕಾಯ್ದಿರಿಸುವಿಕೆ ತೆರೆದ ದಿನವೇ ಕುಳಿತಿರುತ್ತಾರೆ. ನಿರಾಶರಾಗಬೇಡಿ, ರದ್ದಾಗುವ ಜಾಗಗಳು ಬರುತ್ತಲೇ ಇರುತ್ತವೆ, ದಿನಕ್ಕೆರಡು ಬಾರಿ ನೋಡುತ್ತಿರಿ. ಬ್ಯಾನ್ಫ್ ಊರಿಗೆ ಹತ್ತಿರ ಟನಲ್ ಮೌಂಟನ್ ಕ್ಯಾಂಪ್ ಇದೆ. ಅದರ ಟ್ರೇಲರ್ ಕೋರ್ಟ್ ಭಾಗದಲ್ಲಿ ವಿದ್ಯುತ್, ನೀರು, ಚರಂಡಿ ಮೂರೂ ಗಾಡಿಯ ಬಳಿಗೇ ಬರುತ್ತವೆ. ಒಗ್ಗರಣೆಯವರು ಹೇಳಿದ ಚೊಂಬಿನ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಅಲ್ಲಿಂದ ಊರಿಗೆ ಬಸ್ಸೂ ಇದೆ, ಗಾಡಿಯನ್ನು ಕ್ಯಾಂಪ್‌ನಲ್ಲೇ ಬಿಟ್ಟು ಓಡಾಡಿ.

ಲೇಕ್ ಲೂಯಿಸ್‌ನಲ್ಲಿ ಎರಡು ಬಗೆಯ ಕ್ಯಾಂಪ್ ಇದೆ. ಗುಡಾರದವರಿಗೆ ಕರಡಿ ಬಾರದಂತೆ ವಿದ್ಯುತ್ ಬೇಲಿ ಹಾಕಿದ ಭಾಗ, ಗಟ್ಟಿ ಗೋಡೆಯ ಗಾಡಿಗಳಿಗೆ ಇನ್ನೊಂದು ಭಾಗ. ನಿಮ್ಮದು ಎರಡನೆಯದು. ಕರಡಿಯ ಮಾತು ಬಂದಿದ್ದರಿಂದ ಹೇಳುತ್ತೇನೆ, ಹೊರಗಿನ ಮೇಜಿನ ಮೇಲೆ ಎಣ್ಣೆ ಡಬ್ಬಿ, ತೊಳೆಯದ ಪಾತ್ರೆ, ಒರೆಸುವ ಬಟ್ಟೆ ಯಾವುದೂ ಇರಕೂಡದು. ಕಾವಲುಗಾರರು ಬಂದು ನೋಡುತ್ತಾರೆ, ದಂಡವನ್ನೂ ಹಾಕುತ್ತಾರೆ. ಕರಡಿ ಓಡಿಸುವ ಸಿಂಪರಣೆಯನ್ನು ಅಮೆರಿಕದಿಂದ ತರಬಹುದು, ಪ್ರಾಣಿಗಳಿಗಾಗಿ ಎಂದು ಅದರ ಮೇಲೆ ಮುದ್ರಿಸಿರಬೇಕು. ಮನುಷ್ಯರ ಮೇಲೆ ಎರಚುವ ಪೆಪ್ಪರ್ ಸ್ಪ್ರೇಗೆ ಕೆನಡಾದಲ್ಲಿ ನಿಷೇಧ ಇದೆ, ಪರ್ಸ್‌ನಲ್ಲಿ ಮರೆತಿದ್ದರೂ ತೊಂದರೆ.

ಮೊರೈನ್ ಸರೋವರಕ್ಕೆ 2023ರಿಂದ ಖಾಸಗಿ ವಾಹನಗಳಿಗೆ ಪ್ರವೇಶ ಇಲ್ಲ, ಕಾಯ್ದಿರಿಸಿದ ಬಸ್ಸಿನಲ್ಲೇ ಹೋಗಬೇಕು. ಯೋಹೊ ಉದ್ಯಾನದ ಟಕಕಾ ಜಲಪಾತದ ದಾರಿಯಲ್ಲಿ ಎಂಥ ಕಡಿದಾದ ತಿರುವು ಎಂದರೆ ಟ್ರೇಲರ್‌ಗಳನ್ನು ಬಿಡುವುದೇ ಇಲ್ಲ. ಉದ್ದದ ಗಾಡಿಗಳು ತಿರುವುಗಳ ನಡುವಿನ ಒಂದು ತುಂಡು ರಸ್ತೆಯನ್ನು ಹಿಮ್ಮುಖವಾಗಿಯೇ ದಾಟಬೇಕು. ನಿಮ್ಮ ಮೊದಲ ಪ್ರವಾಸದಲ್ಲಿ ಅದು ಬೇಡ.

ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ 232 ಕಿ.ಮೀ. ಐಸ್‌ಫೀಲ್ಡ್ಸ್ ಪಾರ್ಕ್‌ವೇ. ನಡುವೆ ಪೆಟ್ರೋಲ್ ಸಿಗುವುದು ಸಸ್ಕಾಚೆವಾನ್ ರಿವರ್ ಕ್ರಾಸಿಂಗ್‌ನಲ್ಲಿ ಮಾತ್ರ, ಬೆಲೆಯೂ ಹಾಗೆಯೇ ಇರುತ್ತದೆ. ತುಂಬಿಸಿಕೊಂಡೇ ಹೊರಡಿ. ಮೊಬೈಲ್ ಸಂಪರ್ಕ ಬಹುಪಾಲು ಇಲ್ಲ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಅಥಬಾಸ್ಕಾ ಹಿಮನದಿ ರಸ್ತೆಯಿಂದಲೇ ಕಾಣುತ್ತದೆ, ಹಿರಿಯರು ಗಾಡಿಯಿಂದ ಇಳಿಯದೆ ನೋಡಬಹುದು. ಸಾಮಾನ್ಯವಾಗಿ ಉದ್ಯಾನದ ಪ್ರವೇಶ ಚೀಟಿ ಬೇಕು, ಅಮೆರಿಕದ ರಾಷ್ಟ್ರೀಯ ಉದ್ಯಾನದ ವಾರ್ಷಿಕ ಕಾರ್ಡ್ ಇಲ್ಲಿ ನಡೆಯುವುದಿಲ್ಲ.

ಜುಲೈ ಕೊನೆ ಕಾಳ್ಗಿಚ್ಚಿನ ಕಾಲವೂ ಹೌದು. 2024ರ ಜುಲೈನಲ್ಲಿ ಬೆಂಕಿ ಜಾಸ್ಪರ್ ಊರಿಗೇ ನುಗ್ಗಿ ಸುಮಾರು ಮೂರನೇ ಒಂದು ಭಾಗದಷ್ಟು ಕಟ್ಟಡಗಳನ್ನು ಸುಟ್ಟಿತು. ಅದಕ್ಕೂ ಮೊದಲೇ ಉದ್ಯಾನದಲ್ಲಿದ್ದ ಸಾವಿರಾರು ಜನರನ್ನು ರಾತ್ರೋರಾತ್ರಿ ತೆರವು ಮಾಡಿಸಿದ್ದರು. ಊರು ಮತ್ತೆ ಎದ್ದು ನಿಲ್ಲುತ್ತಿದೆ, ಹೋಗಿ, ಅಲ್ಲಿಯ ಅಂಗಡಿಗಳಲ್ಲಿ ನಾಲ್ಕು ಕಾಸು ಖರ್ಚು ಮಾಡಿ. ಆದರೆ ಕಾಯ್ದಿರಿಸುವುದೆಲ್ಲ ರದ್ದು ಮಾಡಲು ಬರುವಂತಿರಲಿ. ಬ್ರಿಟಿಷ್ ಕೊಲಂಬಿಯದ ರಸ್ತೆ ಸ್ಥಿತಿಗೆ ಡ್ರೈವ್‌ಬಿಸಿ, ಇಲ್ಲಿಯದಕ್ಕೆ 511 ಆಲ್ಬರ್ಟ ಜಾಲತಾಣ, ದಿನಾ ಬೆಳಗ್ಗೆ ನೋಡುವ ಅಭ್ಯಾಸ ಇರಲಿ.

ಉತ್ತರಮುಖಿ

ಜಾಸ್ಪರ್‌ವರೆಗೆ ಹೋದವರು ಅಲ್ಲಿಗೇ ನಿಲ್ಲುವುದೇಕೆ? ಡಾಸನ್ ಕ್ರೀಕ್‌ಗೆ ಹೋಗಿ ಅಲಾಸ್ಕ ಹೆದ್ದಾರಿ ಹಿಡಿಯಿರಿ. ಯುದ್ಧಕಾಲದಲ್ಲಿ, 1942ರಲ್ಲಿ, ಸೈನಿಕರು ತಿಂಗಳುಗಳಲ್ಲಿ ಕಡಿದು ಮಾಡಿದ ದಾರಿ ಅದು. ದಾರಿಯುದ್ದಕ್ಕೂ ಕಾಡೆಮ್ಮೆ, ಮೂಸ್, ಕರಡಿ.

ಹಳೇ ಚಾಲಕ

ಉತ್ತರಮುಖಿಯವರೇ, ಅವರ ಮಗುವಿಗೆ ನಾಲ್ಕು ವರ್ಷ, ಅಪ್ಪನಿಗೆ ಸಕ್ಕರೆ ಕಾಯಿಲೆ. ಅಲಾಸ್ಕವನ್ನು ನೀವೇ ಇನ್ನೊಂದು ಚರ್ಚೆಯಲ್ಲಿ ಬರೆಯಿರಿ, ಓದಲು ನಾನೂ ಬರುತ್ತೇನೆ.

ಸೂರ್ಯದಾರಿ

ಮರಳುವಾಗ ಅದೇ ದಾರಿಯಲ್ಲಿ ಬರಬೇಕೆಂದಿಲ್ಲವಲ್ಲ. ಕ್ಯಾಲ್ಗರಿಯಿಂದ ದಕ್ಷಿಣಕ್ಕೆ ವಾಟರ್‌ಟನ್, ಅಲ್ಲಿಂದ ಚೀಫ್ ಮೌಂಟನ್ ಗಡಿ ದಾಟಿ ಮೊಂಟಾನದ ಗ್ಲೇಸಿಯರ್ ಉದ್ಯಾನ. ಎರಡೂ ದೇಶದ ಉದ್ಯಾನಗಳನ್ನು 1932ರಲ್ಲೇ ಸೇರಿಸಿ ಶಾಂತಿ ಉದ್ಯಾನ ಎಂದು ಘೋಷಿಸಿದ್ದಾರೆ. ಅಪ್ಪನಂಥವರಿಗೆ ಇಂಥ ಕಥೆಗಳು ಇಷ್ಟವಾಗುತ್ತವೆ.

ಕಡತ ವಿಲೇವಾರಿ

ಎರಡು ತೊಡಕು. ಚೀಫ್ ಮೌಂಟನ್ ಗಡಿ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ, ರಾತ್ರಿ ಮುಚ್ಚುತ್ತದೆ. ಜುಲೈನಲ್ಲಿ ಹಗಲು ಹೋದರೆ ಸರಿ. ಗ್ಲೇಸಿಯರ್‌ನ ಪ್ರಸಿದ್ಧ ಗೋಯಿಂಗ್ ಟು ದ ಸನ್ ರಸ್ತೆಯ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿಗಳಿಗೆ ಪ್ರವೇಶ ಇಲ್ಲ. ಆರು ಜನರ ಮೋಟರ್ ಹೋಮ್ 21 ಅಡಿಯೊಳಗೆ ಇರುವುದಿಲ್ಲ. ಉದ್ಯಾನವನ್ನು ಸುತ್ತಿ ಹೋಗುವ ಎರಡನೇ ನಂಬರ್ ಹೆದ್ದಾರಿಯಲ್ಲಿ ಹೋಗಬೇಕಾಗುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಅಪ್ಪ ಅಮ್ಮನಿಗೆ ಅಮೆರಿಕಕ್ಕೆಂದು ಕೊಂಡ ಪ್ರಯಾಣ ಆರೋಗ್ಯ ವಿಮೆ ಕೆನಡಾದಲ್ಲಿ ನಡೆಯುತ್ತದೆಯೇ? ಕೆಲವು ಯೋಜನೆಗಳಲ್ಲಿ ಅಕ್ಕಪಕ್ಕದ ದೇಶಕ್ಕೆ ಅಲ್ಪಕಾಲ ಹೋಗಿಬರಲು ಅವಕಾಶ ಇದೆ, ಕೆಲವಕ್ಕೆ ಇಲ್ಲ. ಕೆನಡಾದ ಉಚಿತ ಚಿಕಿತ್ಸೆ ಅಲ್ಲಿಯ ನಿವಾಸಿಗಳಿಗೆ ಮಾತ್ರ, ಸಂದರ್ಶಕರಿಗೆ ಆಸ್ಪತ್ರೆಯ ಬಿಲ್ಲು ಪೂರ್ತಿ ಬರುತ್ತದೆ. ಕರಿಬೇವಿಗಿಂತ ಮೊದಲು ಇದನ್ನು ನೋಡಿ.

ಅಬ್ಬಟ್ಸ್‌ಫರ್ಡ್ ಬಳಿ

ಸೂಮಾಸ್ ದಾಟಿ ಬರುವವರು ಹೇಗೂ ನಮ್ಮ ಊರಿನ ಮೇಲೇ ಹೋಗುತ್ತೀರಿ. ಇಲ್ಲಿ 1911ರಲ್ಲಿ ಕಟ್ಟಿದ ಗುರು ಸಿಖ್ ದೇವಾಲಯ ಇದೆ, ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಮರದ ತೊಲೆಗಳನ್ನು ಹೊತ್ತು ತಂದು ಕಟ್ಟಿದ್ದು. ಅದರ ಎದುರಿನ ದೊಡ್ಡ ಗುರುದ್ವಾರದಲ್ಲಿ ಲಂಗರ್ ಊಟ ಸಸ್ಯಾಹಾರವೇ. ಅಮ್ಮ ಅದನ್ನು ಹೊರಗಿನ ಊಟ ಎಂದು ಭಾವಿಸುತ್ತಾರೋ ಪ್ರಸಾದ ಎಂದು ಭಾವಿಸುತ್ತಾರೋ, ಕೇಳಿ ನೋಡಿ. ನನ್ನ ಅಮ್ಮ ಪ್ರಸಾದದ ಪಟ್ಟಿಗೆ ಸೇರಿಸಿಕೊಂಡರು.

ತುಂಗಾತೀರ

ಎಲ್ಲರಿಗೂ ಋಣಿ. ಮನೆಯಲ್ಲಿ ಕುಳಿತು ಮಾತನಾಡಿದೆವು. ತೀರ್ಮಾನ ಹೀಗಿದೆ. ಮೋಟರ್ ಹೋಮ್ ಹೌದು. ಜಾಸ್ಪರ್ ಈ ಬಾರಿ ಒಂದು ರಾತ್ರಿ ಮಾತ್ರ, ಗ್ಲೇಸಿಯರ್ ಬೇಡ. ಬ್ಯಾನ್ಫ್‌ನಲ್ಲಿ ಚರಂಡಿ ಸಂಪರ್ಕ ಇರುವ ಜಾಗ ಸಿಗುವವರೆಗೆ ಕಾಯುತ್ತೇನೆ. ಹೋಗುವಾಗ ಕ್ಯಾಮ್‌ಲೂಪ್ಸ್‌ನಲ್ಲಿ ಒಂದು ರಾತ್ರಿ ಹೋಟೆಲ್ (ಲೆಕ್ಕಾಚಾರ ಅವರಿಗೆ ಅರ್ಧ ಗೆಲುವು). ಬಾಡಿಗೆ ಕೊಡುವವರಿಂದ ಸೀಟಿನ ಕೊಂಡಿಗಳ ಚಿತ್ರ ತರಿಸಿಕೊಂಡೆ. ಮೊದಲು ತೋರಿಸಿದ ಗಾಡಿಯಲ್ಲಿ ಎರಡು ಮಕ್ಕಳ ಆಸನಕ್ಕೆ ಜಾಗ ಇರಲಿಲ್ಲ, ಈಗ ಬೇರೆ ಮಾದರಿ ಕೊಡುತ್ತೇವೆ ಎಂದಿದ್ದಾರೆ. ನಾಲ್ವರ ವೀಸಾ ಅರ್ಜಿ ನಿನ್ನೆ ಹಾಕಿದೆ, ಬೆರಳಚ್ಚಿನ ದಿನಾಂಕಕ್ಕೆ ಕಾಯುತ್ತಿದ್ದೇವೆ.

ಟಕಕಾಗೆ ಹೋಗಲಾಗದು ಎಂದಾಗ ಅಪ್ಪ, “ಜೋಗ ನೋಡಿದವನಿಗೆ ಇದೇನು” ಎಂದರು. ಆಮೇಲೆ ಮೊಮ್ಮಗಳ ಬಳಿ ಆ ಜಲಪಾತದ ಚಿತ್ರ ತೋರಿಸು ಎಂದು ಎರಡು ಬಾರಿ ಕೇಳಿದರು. ಕೊನೆಯದಾಗಿ ಒಂದು ಪ್ರಶ್ನೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಗಡಿಯಲ್ಲಿ ಅವರನ್ನು ಏನಾದರೂ ಕೇಳಿದರೆ ನಾನು ಉತ್ತರಿಸಬಹುದೇ?

ಕ್ಯಾಲ್ಗರಿ ಚಳಿ

ಅಪ್ಪನಿಗೆ ಇದನ್ನು ಹೇಳಿ: ಜೋಗ ಮಳೆಗಾಲದಲ್ಲಿ ತುಂಬುತ್ತದೆ, ಟಕಕಾ ಬಿಸಿಲಿನಲ್ಲಿ ತುಂಬುತ್ತದೆ. ಮೇಲಿನ ಹಿಮನದಿ ಕರಗಿ ಬರುವ ನೀರು ಅದು, ಸೆಕೆ ಹೆಚ್ಚಿದಷ್ಟೂ ಅಬ್ಬರ ಹೆಚ್ಚು. ನಿಜಕ್ಕೂ ನೋಡಬೇಕೆನಿಸಿದರೆ ಗಾಡಿಯನ್ನು ಕ್ಯಾಂಪ್‌ನಲ್ಲಿ ಬಿಟ್ಟು, ಒಂದು ದಿನಕ್ಕೆ ಚಿಕ್ಕ ಕಾರು ಬಾಡಿಗೆಗೆ ಹಿಡಿಯಿರಿ.

ಕಡತ ವಿಲೇವಾರಿ

ಅಮ್ಮನ ಪ್ರಶ್ನೆಗೆ ಉತ್ತರ. ಗಡಿಯ ಕಿಟಕಿಯಲ್ಲಿ ಸಾಮಾನ್ಯವಾಗಿ ಚಾಲಕನೇ ಮಾತನಾಡುತ್ತಾನೆ. ಎಲ್ಲರ ಪಾಸ್‌ಪೋರ್ಟ್ ಒಟ್ಟಿಗೆ ನಿಮ್ಮ ಕೈಯಲ್ಲಿರಲಿ. ಎಂಜಿನ್ ನಿಲ್ಲಿಸಿ, ತಂಪು ಕನ್ನಡಕ ತೆಗೆಯಿರಿ. ಹಿಂದೆ ಕುಳಿತವರು ಪಟ್ಟಿ ಬಿಚ್ಚದೆ ಕುಳಿತಿರಲಿ, ಪಕ್ಕದ ಕಿಟಕಿಯ ಪರದೆ ಸರಿಸಿರಲಿ. ಎಲ್ಲಿಗೆ, ಎಷ್ಟು ದಿನ, ಆಹಾರ ಏನಿದೆ, ಮದ್ಯ, ತಂಬಾಕು, ಬಂದೂಕು ಇದೆಯೇ, ಇಷ್ಟೇ ಬಹುಪಾಲು ಕೇಳುವುದು.

ಅಮ್ಮನನ್ನೇ ನೇರವಾಗಿ ಕೇಳಿದರೆ ನೀವು ತಕ್ಷಣ ಬಾಯಿ ಹಾಕಬೇಡಿ. “ಅವರಿಗೆ ಕನ್ನಡ ಮಾತ್ರ ಬರುತ್ತದೆ, ನಾನು ಅನುವಾದಿಸಬಹುದೇ” ಎಂದು ಅನುಮತಿ ಕೇಳಿ. ಒಪ್ಪಿದರೆ ಪ್ರಶ್ನೆಯನ್ನು ಅವರಿಗೆ ಹೇಳಿ, ಅವರು ಹೇಳಿದ್ದನ್ನಷ್ಟೇ ತಿರುಗಿ ಹೇಳಿ, ನಿಮ್ಮದನ್ನು ಸೇರಿಸಬೇಡಿ. ಒಪ್ಪದಿದ್ದರೆ ಒಳಗಿನ ಕಚೇರಿಗೆ ಕಳುಹಿಸಿ ಫೋನ್‌ನಲ್ಲಿ ದುಭಾಷಿಯನ್ನು ಹಿಡಿಯಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ, ಸಮಯ ಹೋಗುತ್ತದೆ ಅಷ್ಟೆ. ಆ ಹೊತ್ತಿಗೆ ಅಪ್ಪನ ಊಟದ ಸಮಯವಾಗದಂತೆ ಬೆಳಗ್ಗೆ ಬೇಗ ಗಡಿಗೆ ಬನ್ನಿ.